ಸಹಾಯ ಬೇಕು: ಅಪ್ಪನನ್ನು ಐಸ್ ಮೇಲೆ ಮೀನು ಹಿಡಿಯಲು ಕರೆದೊಯ್ಯಬಹುದಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಮಿನೆಸೋಟದಲ್ಲಿ. ಕುಮಟಾದಿಂದ ಅಪ್ಪ ಬಂದಿದ್ದಾರೆ, ವಯಸ್ಸು 67. ಅಘನಾಶಿನಿ ದಡದಲ್ಲಿ ಗಾಳ ಹಾಕುತ್ತಲೇ ಬೆಳೆದವರು. ಇಲ್ಲಿ ಜನ ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಮೀನು ಹಿಡಿಯುವುದನ್ನು ನೋಡಿದಾಗಿನಿಂದ ಒಂದೇ ಮಾತು: "ನನ್ನೂ ಒಂದ್ಸಲ ಕರ್ಕಂಡ್ ಹೋಗು ಮಗಾ."

ಕಳೆದ ಶನಿವಾರ ಗೆಳೆಯನ ಜೊತೆ ನೋಡಿಬರಲು ಹೋಗಿದ್ದೆ. ದಡದ ಹತ್ತಿರ ಐಸ್ 5 ಇಂಚು ಇತ್ತು. ಸ್ವಲ್ಪ ಆಚೆ, ತೊರೆ ಬಂದು ಸೇರುವ ಕಡೆ, ತೂತಿಗೆ ಟೇಪ್ ಇಳಿಸಿದರೆ ಬರೀ 2 ಇಂಚು! ನೀರು ಉಕ್ಕಿ ಬೂಟಿನ ಸುತ್ತ ಹರಡಿತು. ಎದೆ ಝಲ್ಲೆಂದಿತು. ಬಂದ ಹೆಜ್ಜೆಯಲ್ಲೇ ವಾಪಸ್ ಬಂದೆವು.

ನಡೆಯಲು ತಿಳಿಯಾದ ಐಸ್ ಕನಿಷ್ಠ 4 ಇಂಚು ಇರಬೇಕು, ಬಿಳಿ ಐಸ್ ಆದರೆ ಅದರ ಎರಡರಷ್ಟು ಅಂತ ಗೊತ್ತು. ಕುತ್ತಿಗೆಗೆ ಹಾಕಿಕೊಳ್ಳುವ ಐಸ್ ಪಿಕ್ (ಐಸ್‌ಗೆ ಚುಚ್ಚಿ ಹಿಡಿದುಕೊಳ್ಳುವ ಮೊನಚು ಹಿಡಿ) ತಂದಿದ್ದೇನೆ. ಐಸ್ ಒಡೆದು ನೀರಿಗೆ ಬಿದ್ದರೆ ಬಂದ ದಿಕ್ಕಿಗೇ ತಿರುಗಿ, ಪಿಕ್ ಚುಚ್ಚಿ, ಕಾಲು ಬಡಿದು ಮೇಲೆ ಬರಬೇಕು. ಎದ್ದು ನಿಲ್ಲದೆ ಉರುಳಿಕೊಂಡೇ ದೂರ ಹೋಗಬೇಕು. ಆದರೆ ಅಪ್ಪನ ಕೈಯಲ್ಲಿ ಅಷ್ಟು ಶಕ್ತಿ ಇದೆಯಾ ಅನ್ನೋದೇ ನನ್ನ ಭಯ.

ದಪ್ಪ ಕೋಟಿನ ಮೇಲೆ ಲೈಫ್ ಜಾಕೆಟ್ ಸಾಕಾ, ತೇಲುವ ಸೂಟೇ ಬೇಕಾ? ಅದು ಬಾಡಿಗೆಗೆ ಸಿಗುತ್ತಾ? ನೀವು ಎಷ್ಟು ಹೆಜ್ಜೆಗೊಮ್ಮೆ ಕೊರೆದು ನೋಡುತ್ತೀರಿ? ಈಗ ಡಿಸೆಂಬರ್, ಜನವರಿ ಕೊನೆಯವರೆಗೆ ಕಾಯುವುದೇ ಒಳ್ಳೆಯದು ಅಲ್ವಾ? ವಯಸ್ಸಾದವರನ್ನು ಕರೆದುಕೊಂಡು ಹೋಗಿರುವವರು ದಯವಿಟ್ಟು ತಿಳಿಸಿ. ಅಪ್ಪ ಫೆಬ್ರವರಿಯಲ್ಲಿ ಊರಿಗೆ ಹೊರಡುತ್ತಾರೆ.