ಡಿಸ್ಕಿಗೆ ಹಾಕಿದ ಸ್ಲೈಡ್ ಶೋನಲ್ಲಿ ಹಾಡೂ ಇಲ್ಲ, ಕನ್ನಡವೂ ಇಲ್ಲ

ಸಾಗರದ ಮೇಷ್ಟ್ರು:
ನಮಸ್ಕಾರ. ನಮ್ಮ ಹೈಸ್ಕೂಲಿನ ಹೆಡ್ಮಾಸ್ಟರು ತಿಂಗಳ ಕೊನೆಗೆ ರಿಟೈರ್ ಆಗುತ್ತಿದ್ದಾರೆ. ಅವರ ಹಳೇ ಫೋಟೋಗಳನ್ನು ಸೇರಿಸಿ ಪವರ್‌ಪಾಯಿಂಟ್ 2007ರಲ್ಲಿ ಒಂದು ಸ್ಲೈಡ್ ಶೋ ಮಾಡಿದ್ದೇನೆ. ಹಿನ್ನೆಲೆಗೆ ಭಾವಗೀತೆಗಳ ಎಂಪಿ3 ಇದೆ. ಫೋಟೋ ಕೆಳಗಿನ ಸಾಲುಗಳನ್ನು ‘ನುಡಿ’ ಅನ್ನೋ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದೇನೆ. ವೈರಸ್ ಭಯಕ್ಕೆ ಶಾಲೆಯ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕುವ ಹಾಗಿಲ್ಲ, ನೆಟ್ಟೂ ಇಲ್ಲ. ಸಿಡಿಯೇ ಗತಿ. ಎರಡೂ ಕಡೆ ವಿಂಡೋಸ್ 7.

ಮನೆಯಲ್ಲಿ ಫೈಲನ್ನು ಸಿಡಿ ಡ್ರೈವಿಗೆ ಎಳೆದು ಹಾಕಿದೆ. ಐಕಾನ್ ಕಾಣುತ್ತೆ, ಸ್ವಲ್ಪ ಮಾಸಿದ ಹಾಗೆ. ಶಾಲೆಯಲ್ಲಿ ಹಾಕಿದರೆ ಸಿಡಿ ಖಾಲಿ! ಆಮೇಲೆ ಸೈಬರ್ ಸೆಂಟರಿನಲ್ಲಿ ಬರೆಸಿದ ಸಿಡಿ ತೆರೆಯಿತು, ಆದರೆ ಹಾಡಿಲ್ಲ. ‘ಕನ್ನಡ ಸಂಘ’ ಅಂತ ಇದ್ದ ಕಡೆ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು. ನಮ್ಮ ಹೆಡ್ಮಾಸ್ಟರು ಇಡೀ ಜೀವನ ಕನ್ನಡ ಪಾಠ ಮಾಡಿದವರು. ಅವರ ಮುಂದೆ ಇದನ್ನು ಹೇಗೆ ತೋರಿಸಲಿ?

ತೀರ್ಥಹಳ್ಳಿ ಸ್ಟುಡಿಯೋ:
ಮೇಷ್ಟ್ರೇ, ಸಿಡಿಯೂ ಕೆಟ್ಟಿಲ್ಲ, ಡ್ರೈವೂ ಕೆಟ್ಟಿಲ್ಲ. ಮದುವೆ ಸಿಡಿ ಬರೆಯೋದೇ ನನ್ನ ಕೆಲಸ, ಈ ತಾಪತ್ರಯ ಬಹಳ ಜನರಿಗೆ ಬರುತ್ತೆ.

ಮಾಸಿದ ಐಕಾನ್ ಅಂದರೆ ಫೈಲ್ ಇನ್ನೂ ಸರದಿಯಲ್ಲಿ ನಿಂತಿದೆ ಅಂತ. ಅದು ನಿಮ್ಮ ಹಾರ್ಡ್ ಡಿಸ್ಕಿನಲ್ಲೇ ಇದೆ. ಮೇಲೆ ‘ಬರ್ನ್ ಟು ಡಿಸ್ಕ್’ ಒತ್ತಿದರೆ ಮಾತ್ರ ಸಿಡಿಗೆ ಹೋಗುತ್ತೆ.

ಹಾಡಿನ ವಿಷಯ ಬೇರೆ. ಪವರ್‌ಪಾಯಿಂಟ್ 2007 ಎಂಪಿ3ಯನ್ನು ತನ್ನೊಳಗೆ ಇಟ್ಟುಕೊಳ್ಳೋದೇ ಇಲ್ಲ, ಹಾಡು ಎಲ್ಲಿದೆ ಅನ್ನೋ ವಿಳಾಸ ಮಾತ್ರ ಬರೆದುಕೊಳ್ಳುತ್ತೆ. ವೇವ್ ಅನ್ನೋ ಇನ್ನೊಂದು ಬಗೆಯ ಹಾಡಿನ ಫೈಲ್ ಆದರೆ ಒಳಗೆ ಸೇರುತ್ತೆ, ಅದೂ ಮೊದಲೇ ಇರುವ ಸೆಟ್ಟಿಂಗ್ ಪ್ರಕಾರ 100 ಕೆಬಿವರೆಗೆ ಅಷ್ಟೇ. ಸೈಬರಿನವರು ಬರೀ ಪವರ್‌ಪಾಯಿಂಟ್ ಫೈಲ್ ಬರೆದಿರುತ್ತಾರೆ. ನೀವು ಹೀಗೆ ಮಾಡಿ: ಆಫೀಸ್ ಬಟನ್, ಪಬ್ಲಿಷ್, ‘ಪ್ಯಾಕೇಜ್ ಫಾರ್ ಸಿಡಿ’. ಆಪ್ಷನ್ಸ್‌ನಲ್ಲಿ ‘ಲಿಂಕ್ಡ್ ಫೈಲ್ಸ್’ಗೆ ಟಿಕ್ ಇರಲಿ. ನೇರ ಸಿಡಿಗೆ ಬೇಡ, ‘ಕಾಪಿ ಟು ಫೋಲ್ಡರ್’ ಕೊಡಿ. ಆ ಫೋಲ್ಡರ್ ತೆರೆದು ಎಂಪಿ3 ಕಣ್ಣಿಗೆ ಬಿದ್ದ ಮೇಲೆ ಒಳಗಿರೋದನ್ನೆಲ್ಲ ಬರೆಯಿರಿ.

ಇನ್ನೊಂದು ಮಾತು. ಮನೆಯ ಕಂಪ್ಯೂಟರಿನಲ್ಲಿ ಸಿಡಿ ಹಾಕಿ ಹಾಡು ಬಂತು ಅಂತ ನಂಬಬೇಡಿ, ಅದು ಹಳೇ ಜಾಗದಿಂದಲೇ ಬರುತ್ತಿರಬಹುದು. ಹಾಡಿನ ಮೂಲ ಫೋಲ್ಡರಿನ ಹೆಸರು ಬದಲಿಸಿ, ಹೊಸದಾಗಿ ಮಾಡಿದ ಫೋಲ್ಡರನ್ನು ಬೇರೆ ಕಡೆ ಸರಿಸಿ, ಆಮೇಲೆ ಸಿಡಿಯಿಂದ ನಡೆಸಿ. ಆಗಲೂ ಹಾಡಿದರೆ ಗೆದ್ದ ಹಾಗೆ.

ಅಕ್ಷರದ ಕಥೆ ಇಷ್ಟು: ನುಡಿಯ ಹಳೇ ಫಾಂಟುಗಳು ಇಂಗ್ಲಿಷ್ ಗುರುತುಗಳ ಜಾಗದಲ್ಲಿ ಕನ್ನಡ ಕೂರಿಸಿದಂಥವು. ಫಾಂಟ್ ಇಲ್ಲದ ಕಂಪ್ಯೂಟರ್ ಒಳಗಿನ ಇಂಗ್ಲಿಷನ್ನೇ ತೋರಿಸುತ್ತೆ. ಸಾಲುಗಳನ್ನು ಯುನಿಕೋಡಿಗೆ, ಅಂದರೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿಗೆ, ಬದಲಿಸಿ ತುಂಗಾ ಫಾಂಟ್ ಕೊಡಿ. ತುಂಗಾ ವಿಂಡೋಸ್ ಎಕ್ಸ್‌ಪಿಯಲ್ಲೂ ವಿಂಡೋಸ್ 7ರಲ್ಲೂ ಮೊದಲೇ ಇರುತ್ತೆ.

ಧಾರವಾಡದ ಅಕ್ಕ:
ಸರ್, ಟೈಮ್ ಕಮ್ಮಿ ಇದ್ದರೆ ಸ್ಲೈಡುಗಳನ್ನೆಲ್ಲ ‘ಸೇವ್ ಆ್ಯಸ್’ನಲ್ಲಿ ಜೆಪೆಗ್ ಮಾಡಿಬಿಡಿ. ಅಕ್ಷರವೂ ಚಿತ್ರದಲ್ಲೇ ಸೇರಿಹೋಗುತ್ತೆ, ಫಾಂಟ್ ಚಿಂತೆ ಇರಲ್ಲ. ಅನಿಮೇಷನ್ ಮಾತ್ರ ಹೋಗುತ್ತೆ.

ಸಾಗರದ ಮೇಷ್ಟ್ರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪ್ಯಾಕೇಜ್ ಮಾಡಿ ಬರೆದ ಸಿಡಿ ಶಾಲೆಯಲ್ಲಿ ಹಾಡಿತು! ಯುನಿಕೋಡ್ ಕೆಲಸ ಇವತ್ತು ರಾತ್ರಿ ಕೂತು ಮುಗಿಸುತ್ತೇನೆ. ಹೆಡ್ಮಾಸ್ಟರ ಮನೆಯವರು ಟಿವಿಯ ಡಿವಿಡಿ ಪ್ಲೇಯರಿನಲ್ಲಿ ನೋಡೋಕೆ ಒಂದು ಪ್ರತಿ ಕೇಳಿದ್ದಾರೆ. ಇದೇ ಸಿಡಿ ಕೊಟ್ಟರೆ ಆಗುತ್ತಾ?

ತೀರ್ಥಹಳ್ಳಿ ಸ್ಟುಡಿಯೋ:
ಆಗಲ್ಲ ಮೇಷ್ಟ್ರೇ. ಪ್ಲೇಯರಿಗೆ ಪವರ್‌ಪಾಯಿಂಟ್ ಗೊತ್ತಿಲ್ಲ. ಅಕ್ಕ ಹೇಳಿದ ಹಾಗೆ ಜೆಪೆಗ್ ಮಾಡಿ. ವಿಂಡೋಸ್ 7ರ ಹೋಮ್ ಪ್ರೀಮಿಯಂ, ಪ್ರೊಫೆಷನಲ್, ಅಲ್ಟಿಮೇಟ್‌ನಲ್ಲಿ ಡಿವಿಡಿ ಮೇಕರ್ ಇರುತ್ತೆ. ಚಿತ್ರ, ಹಾಡು ಎರಡನ್ನೂ ಅದಕ್ಕೆ ಕೊಟ್ಟರೆ ಟಿವಿಗೆ ಆಗುವಂಥ ಡಿವಿಡಿ ಬರೆದುಕೊಡುತ್ತೆ. ಆಪ್ಷನ್ಸ್‌ನಲ್ಲಿ ‘ಪಾಲ್’ (PAL, ನಮ್ಮ ದೇಶದ ಟಿವಿ ಪದ್ಧತಿ) ಆರಿಸಿ. ಡಿಸ್ಕ್ ಖಾಲಿ ಡಿವಿಡಿ-ಆರ್ ತಗೊಳ್ಳಿ, ಸಿಡಿ ಬೇಡ. ಬರೆಯೋ ಸ್ಪೀಡ್ ಕಮ್ಮಿ ಇಡಿ. ನಿಮ್ಮಲ್ಲಿ ಡಿವಿಡಿ ಮೇಕರ್ ಇಲ್ಲದಿದ್ದರೆ ತಿಳಿಸಿ, ಡಿವಿಡಿಸ್ಟೈಲರ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಹೇಗೆ ಬಳಸೋದು ಅಂತ ಹೇಳುತ್ತೇನೆ.