ಸ್ನ್ಯಾಪ್-ಟ್ಯಾಗ್ ಡೈ ಹಾಕಿದರೆ ಸೆಲ್ ಒಳಗೂ ಹೊಳೆಯುತ್ತಿದೆ, ಯಾಕೆ?

ಪ್ರಶ್ನೆ: ಸೆಲ್ ಹೊರಮೈಯ ರಿಸೆಪ್ಟರ್ (ಹೊರಗಿನ ಸಂಕೇತ ಹಿಡಿಯುವ ಪ್ರೋಟೀನ್) ಒಂದಕ್ಕೆ ಸ್ನ್ಯಾಪ್-ಟ್ಯಾಗ್, ಅಂದರೆ ಹೊಳೆಯುವ ಡೈ ಬಂದು ಗಟ್ಟಿಯಾಗಿ ಅಂಟುವ ಚಿಕ್ಕ ಪ್ರೋಟೀನ್, ಜೋಡಿಸಿದ್ದೇನೆ. ಪೊರೆ ದಾಟದ ಡೈಯನ್ನು 5 ಮೈಕ್ರೋಮೋಲಾರ್ ಹಾಕಿ, 37 ಡಿಗ್ರಿಯಲ್ಲಿ 30 ನಿಮಿಷ ಇಟ್ಟೆ. ಅಂಚು ಚೆನ್ನಾಗಿ ಕಾಣುತ್ತದೆ. ಆದರೆ ಒಳಗೂ ಚುಕ್ಕಿಗಳಿವೆ, ಗಾಜಿನ ಮೇಲೆಲ್ಲ ಮಂಜು ಮಂಜು. ಜೀವಂತ ಸೆಲ್‌ನಲ್ಲೇ ನೋಡಬೇಕು. ಮಾಡಿದವರು ದಯವಿಟ್ಟು ಹೇಳಿ.

ಉತ್ತರ: ಚುಕ್ಕಿ ನೋಡಿ ಗಾಬರಿಯಾಗಬೇಡಿ. ಡೈ ಸೋರುತ್ತಿದೆ ಅಂದುಕೊಂಡು ನಾನೂ ಎರಡು ವಾರ ಬರೀ ತೊಳೆಯುತ್ತಾ ಕೂತಿದ್ದೆ. 37 ಡಿಗ್ರಿಯಲ್ಲಿ ಸೆಲ್ ಸುಮ್ನೆ ಇರುವುದಿಲ್ಲ. ರಿಸೆಪ್ಟರನ್ನು ಒಳಗೆ ಎಳೆದುಕೊಳ್ಳುತ್ತಲೇ ಇರುತ್ತದೆ, ಅಂಟಿದ ಡೈಯೂ ಅದರ ಜೊತೆ ಹೋಗುತ್ತದೆ. ಟ್ಯಾಗ್ ಇಲ್ಲದ ಅದೇ ಬಗೆಯ ಸೆಲ್‌ಗೆ ಅದೇ ಡೈಯನ್ನು ಅಷ್ಟೇ ಹೊತ್ತು ಹಾಕಿ ನೋಡಿ. ಅಲ್ಲಿ ಚುಕ್ಕಿ ಇಲ್ಲ ಅಂದರೆ ನೀವು ನೋಡುತ್ತಿರುವುದು ನಿಮ್ಮ ಪ್ರೋಟೀನನ್ನೇ. ಅಲ್ಲೂ ಇದ್ದರೆ ಸೆಲ್ ಸುತ್ತಲಿನ ದ್ರವದ ಜೊತೆ ಡೈಯನ್ನೂ ಗುಟುಕರಿಸಿದೆ. ಒಂದು ಸೆಲ್ ಪೂರ್ತಿ ತುಂಬಿಕೊಂಡು ಹೊಳೆದರೆ ಅದು ಸತ್ತಿರುವುದೇ ಜಾಸ್ತಿ, ಪೊರೆ ಹರಿದಿರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅಂಚು ಮಾತ್ರ ಬೇಕಿದ್ದರೆ 4 ಡಿಗ್ರಿಯಲ್ಲಿ ಡೈ ಹಾಕಿ. ಒಳಗೆ ಎಳೆದುಕೊಳ್ಳುವುದು ನಿಲ್ಲುತ್ತದೆ. ಆದರೆ ಟ್ಯಾಗ್‌ಗೆ ಡೈ ಅಂಟುವುದೂ ನಿಧಾನವಾಗುತ್ತದೆ, ಹಾಗಾಗಿ ಹೊತ್ತು ಜಾಸ್ತಿ ಕೊಡಬೇಕು.

ಇನ್ನೊಂದು ಉತ್ತರ: ಸೆಲ್ ಅಂಟಿಕೊಳ್ಳಲಿ ಅಂತ ಗಾಜಿಗೆ ಪಾಲಿ-ಲೈಸಿನ್ ಹಚ್ಚಿದ್ದೀರಾ? ಇಂಥ ಡೈಗಳಿಗೆ ಸಾಮಾನ್ಯವಾಗಿ ಋಣ ಚಾರ್ಜ್ ಇರುತ್ತದೆ, ಪೊರೆ ದಾಟದಿರುವುದಕ್ಕೆ ಅದೂ ಒಂದು ಕಾರಣ. ಪಾಲಿ-ಲೈಸಿನ್‌ಗೆ ಧನ ಚಾರ್ಜ್. ಅಂಟಿಕೊಳ್ಳದೆ ಇರುತ್ತದಾ? ನಾನು ಅದರ ಬದಲು ಫೈಬ್ರೊನೆಕ್ಟಿನ್ (ಸೆಲ್ ಅಂಟಿಕೊಳ್ಳುವ ಒಂದು ಪ್ರೋಟೀನ್) ಹಚ್ಚಿದ ದಿನವೇ ಹಿನ್ನೆಲೆ ಕಪ್ಪಾಯಿತು. ಡೈಯನ್ನು 1 ಮೈಕ್ರೋಮೋಲಾರ್‌ಗೆ ಇಳಿಸಿ ನೋಡಿ. ಅದನ್ನು ಬೆರೆಸುವ ಮೀಡಿಯಂನಲ್ಲಿ (ಸೆಲ್ ಇಡುವ ದ್ರವ) ಸೀರಮ್ ಅಥವಾ 0.5 ಶೇಕಡಾ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಇರಲಿ, ಮೂರು ಸಲ ತೊಳೆಯಿರಿ. ಚಿತ್ರ ತೆಗೆಯುವಾಗ ಫೀನಾಲ್ ರೆಡ್ ಇಲ್ಲದ ಮೀಡಿಯಂ ಹಾಕಿ, ಆ ಕೆಂಪು ಬಣ್ಣ ತಾನೇ ಮಿನುಗುತ್ತದೆ.

ಮತ್ತೊಬ್ಬರು: ಒಳಗೆ ಹೋಗುವುದನ್ನು ತೊಂದರೆ ಅಂತ ಯಾಕೆ ನೋಡಬೇಕು? ಟ್ಯಾಗ್ ಬದಲು ಜಿಎಫ್‌ಪಿ (ಡೈ ಇಲ್ಲದೆ ತಾನೇ ಹೊಳೆಯುವ ಹಸಿರು ಪ್ರೋಟೀನ್) ಹಾಕಿದ್ದರೆ, ಸೆಲ್ ಒಳಗೆ ಪ್ರೋಟೀನ್ ಸಿದ್ಧಪಡಿಸಿ ಕಳಿಸುವ ಗಾಲ್ಜಿಯಲ್ಲಿ ಇನ್ನೂ ತಯಾರಾಗುತ್ತಿರುವ ಪ್ರೋಟೀನೂ ಹೊಳೆಯುತ್ತಿತ್ತು. ಇಲ್ಲಿ ಬಣ್ಣ ಹತ್ತುವುದು ಡೈ ಇದ್ದಷ್ಟು ಹೊತ್ತು ಹೊರಮೈಗೆ ಬಂದವುಗಳಿಗೆ ಮಾತ್ರ. ಹಸಿರು ಡೈ ಹಾಕಿ ತೊಳೆದು, ಒಂದು ಗಂಟೆ ಬಿಟ್ಟು ಕೆಂಪು ಹಾಕಿ. ಹಸಿರು ಒಳಗೆ, ಹೊಸದಾಗಿ ಬಂದವು ಅಂಚಿನಲ್ಲಿ ಕೆಂಪು. ಮೊದಲ ಸಲ ಅದನ್ನು ನೋಡಿದಾಗ ಐಪೀಸ್ ಬಿಟ್ಟು ಏಳಲು ಮನಸ್ಸಾಗಲಿಲ್ಲ. ಆದರೆ ಹಸಿರು ಹಾಕಿದ ಕೂಡಲೇ, ಹತ್ತದೆ ಉಳಿದ ಟ್ಯಾಗ್‌ಗಳನ್ನು ಬ್ಲಾಕರ್ (ಟ್ಯಾಗ್‌ಗೆ ಅಂಟುವ, ಹೊಳೆಯದ ವಸ್ತು) ಹಾಕಿ ಮುಚ್ಚಿ, ಇಲ್ಲದಿದ್ದರೆ ಹಳೆಯವೂ ಕೆಂಪಾಗುತ್ತವೆ.

ಪ್ರಶ್ನೆ ಕೇಳಿದವರು: ಟ್ಯಾಗ್ ಇಲ್ಲದ ಸೆಲ್ ನೋಡಿದೆ. ಒಳಗೆ ಪೂರ್ತಿ ಕತ್ತಲು, ಗಾಜಿನ ಮೇಲೆ ಅದೇ ಮಂಜು. ಪಾಲಿ-ಲೈಸಿನ್ ಹಚ್ಚಿದ್ದು ನಿಜ. ನಾಳೆ ಫೈಬ್ರೊನೆಕ್ಟಿನ್ ಡಿಶ್‌ನಲ್ಲಿ ಎರಡು ಬಣ್ಣ ಹಾಕುತ್ತೇನೆ.