ಅಮೊರಿಮ್ ಅವರ 3-4-3 ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೊಂದುತ್ತಾ? ನಡುವೆ ಇಬ್ಬರೇ ಸಾಕಾ?

ಸ್ಟ್ರೆಟ್‌ಫರ್ಡ್_ಸೀನ

ಕೋಚ್ ಟೆನ್ ಹಾಗ್ ಕಥೆ ಮುಗೀತು. ಸ್ಪೋರ್ಟಿಂಗ್ ಲಿಸ್ಬನ್ ಕೋಚ್ ರೂಬೆನ್ ಅಮೊರಿಮ್ 2024ರ ನವೆಂಬರ್ 11ಕ್ಕೆ ಆ ಕೆಲಸಕ್ಕೆ ಸೇರ್ತಾರೆ. ಮೊದಲ ಪಂದ್ಯ 24ರ ಭಾನುವಾರ ಇಪ್ಸ್‌ವಿಚ್ ಅಂಗಳದಲ್ಲಿ, ನಮ್ಮ ಸಮಯ ರಾತ್ರಿ 10ಕ್ಕೆ. ಮೊನ್ನೆ ಮಂಗಳವಾರ ಅವರ ಸ್ಪೋರ್ಟಿಂಗ್ ತಂಡ ಮ್ಯಾಂಚೆಸ್ಟರ್ ಸಿಟಿಗೆ 4-1 ಬಾರಿಸಿದ ಮೇಲಂತೂ ಎಲ್ಲಿ ನೋಡಿದರೂ ಹಬ್ಬ. ಹಬ್ಬ ಆಮೇಲೆ ಮಾಡೋಣ, ಮೊದಲು ಆಟದ ಲೆಕ್ಕ ಹೇಳಿ.

ನಾವು 10 ಲೀಗ್ ಪಂದ್ಯಗಳಲ್ಲಿ ಹೊಡೆದಿರೋದು 9 ಗೋಲು, ಪಟ್ಟಿಯಲ್ಲಿ 13ನೇ ಸ್ಥಾನ. ಈ ತಂಡ ಕಟ್ಟಿರೋದು 4-2-3-1ಕ್ಕೆ (ಗೋಲ್‌ಕೀಪರ್ ಬಿಟ್ಟು ಹಿಂದಿನಿಂದ ಮುಂದಕ್ಕೆ ಒಂದೊಂದು ಸಾಲಿನಲ್ಲಿ ಎಷ್ಟು ಜನ ಅನ್ನೋ ಲೆಕ್ಕ). ಅಮೊರಿಮ್ ಆಡಿಸೋ 3-4-3ರಲ್ಲಿ ಬದಿಗೆರೆ ಹಿಡಿದು ಆಡೋ ವಿಂಗರ್‌ಗೆ ಜಾಗವೇ ಇಲ್ಲ. ಹಾಗಾದರೆ ಗರ್ನಾಚೊ, ರ‍್ಯಾಶ್‌ಫರ್ಡ್, ಆಂಟೊನಿ ಎಲ್ಲಿ ನಿಲ್ತಾರೆ? ಎದುರಾಳಿ ಮೂವರು ಮಿಡ್‌ಫೀಲ್ಡರ್ ಇಟ್ಟುಕೊಂಡು ಬಂದರೆ ನಮ್ಮ ಇಬ್ಬರು ಏನು ಮಾಡ್ತಾರೆ? ಸ್ಪೋರ್ಟಿಂಗ್ ಪಂದ್ಯಗಳನ್ನು ನಿಯಮಿತವಾಗಿ ನೋಡಿದವರು ಬಿಡಿಸಿ ಹೇಳಿ. "ಕಾದು ನೋಡೋಣ" ಅನ್ನೋ ಉತ್ತರ ಬೇಡ.

ಹಾಫ್‌ಸ್ಪೇಸ್_ಹೆಗಡೆ

3-4-3 ಅನ್ನೋದು ಟಿವಿಯವರು ಪಂದ್ಯದ ಮುಂಚೆ ತೋರಿಸೋ ಚಿತ್ರ ಅಷ್ಟೆ. ಚೆಂಡು ನಮ್ಮ ಬಳಿ ಇದ್ದಾಗ ಅದು 3-2-5. ಇಲ್ಲದಿದ್ದಾಗ, ಎಷ್ಟು ಮೇಲೆ ಹೋಗಿ ಪ್ರೆಸ್ ಮಾಡ್ತಾರೆ (ಚೆಂಡು ಕಸಿಯೋಕೆ ಎದುರಾಳಿ ಮೇಲೆ ಮುಗಿಬೀಳ್ತಾರೆ) ಅನ್ನೋದರ ಮೇಲೆ 5-2-3 ಅಥವಾ 5-4-1. ಈ ಮೂರೂ ಆಕಾರಗಳ ನಡುವೆ ಓಡಾಡೋರು ಮುಖ್ಯವಾಗಿ ನಾಲ್ವರು: ಇಬ್ಬರು ವಿಂಗ್‌ಬ್ಯಾಕ್ (ಬದಿಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡೋರು), ಸ್ಟ್ರೈಕರ್ ಹಿಂದಿನ ಇಬ್ಬರು 10ನೇ ನಂಬರ್. ಉಳಿದವರ ಜಾಗ ಹೆಚ್ಚು ಬದಲಾಗಲ್ಲ.

ಆಕ್ರಮಣ ಶುರುವಾಗೋದು ಹಿಂದಿನ ಮೂವರಿಂದ. ಸ್ಪೋರ್ಟಿಂಗ್ ಸೆಂಟರ್‌ಬ್ಯಾಕ್ ಎಷ್ಟೋ ಸಲ ಚೆಂಡಿನ ಮೇಲೆ ಕಾಲಿಟ್ಟು ಸುಮ್ಮನೆ ನಿಂತುಬಿಡ್ತಾನೆ. ನೋಡೋರಿಗೆ ನಿಧಾನ ಅನ್ನಿಸುತ್ತೆ, ಆದರೆ ಅದು ಬಲೆ. ಎದುರಾಳಿ ಒಂದು ಹೆಜ್ಜೆ ಮುಂದೆ ಬಂದ ಕ್ಷಣ ಅವನ ಬೆನ್ನ ಹಿಂದೆ ತೆರೆದ ಜಾಗಕ್ಕೆ ನೇರ ಪಾಸ್. ಅಲ್ಲಿ ಪೊಟೆ (ಪೆಡ್ರೊ ಗೊನ್ಸಾಲ್ವೆಸ್) ಅಥವಾ ಟ್ರಿಂಕಾವ್ ಗೋಲಿಗೆ ಬೆನ್ನು ಕೊಟ್ಟು ನಿಂತಿರ್ತಾರೆ. ಒಂದೇ ಟಚ್‌ನಲ್ಲಿ ಹಿಂದಿರೋ ಮಿಡ್‌ಫೀಲ್ಡರ್ ಹ್ಯುಲ್‌ಮಂಡ್‌ಗೋ ಮೊರಿಟಾಗೋ ವಾಪಸ್. ಮೂರನೇ ಪಾಸ್ ಸ್ಟ್ರೈಕರ್ ಗ್ಯೋಕೆರೆಶ್ ಓಡುವ ದಾರಿಗೆ. ಗ್ಯೋಕೆರೆಶ್ ನಟ್ಟನಡುವೆ ಕಾಯುತ್ತಾ ನಿಲ್ಲಲ್ಲ. ಎದುರಾಳಿಯ ಬಲ ಸೆಂಟರ್‌ಬ್ಯಾಕ್ ಮತ್ತು ರೈಟ್‌ಬ್ಯಾಕ್ ನಡುವಿನ ಕಿಂಡಿಗೆ ನುಗ್ತಾನೆ. 2023-24ರ ಲೀಗ್‌ನಲ್ಲಿ ಅವನ 29 ಗೋಲು, ತಂಡದ 96 ಗೋಲು ಬಂದಿದ್ದರಲ್ಲಿ ಈ ನಮೂನೆಗೆ ದೊಡ್ಡ ಪಾಲಿದೆ.

ವಿಂಗ್‌ಬ್ಯಾಕ್‌ಗಳ ಕೆಲಸ ಗೆರೆ ಹಿಡಿದು ಮೇಲೆ ನಿಲ್ಲೋದು. ಚೆಂಡು ಅವರಿಗೆ ಸಿಗದಿದ್ದರೂ ಎದುರಾಳಿಯ ಫುಲ್‌ಬ್ಯಾಕ್ ಅಲ್ಲೇ ಕಟ್ಟಿಬಿದ್ದಿರ್ತಾನೆ, ಹಾಗಾಗಿ 10ನೇ ನಂಬರ್‌ನವರಿಗೆ ಒಳಗೆ ಉಸಿರಾಡೋಕೆ ಜಾಗ. ಇಲ್ಲಿಗೆ ಅಮೊರಿಮ್ ಫುಲ್‌ಬ್ಯಾಕ್‌ಗಳನ್ನೇ ಹುಡುಕಲ್ಲ ಅನ್ನೋದು ಗಮನಿಸಿ. ಸಿಟಿ ವಿರುದ್ಧ ಬಲಗಡೆ ಆಡಿದ್ದು 17 ವರ್ಷದ ಕ್ವೆಂಡಾ. ಮೂಲತಃ ವಿಂಗರ್, ಅದೂ ಎಡಗಾಲಿನವನು. ಮೊದಲ ಗೋಲಿಗೆ ಗ್ಯೋಕೆರೆಶ್‌ಗೆ ಪಾಸ್ ಕೊಟ್ಟಿದ್ದು ಅವನೇ. ಜೆನಿ ಕಟಾಮೊ ಕೂಡ ಇದೇ ಜಾತಿ. ನಮ್ಮಲ್ಲಿ ಆ ಅಚ್ಚಿಗೆ ಸರಿಯಾಗಿ ಕೂರೋನು ಅಮಾದ್. ಇಪ್ಸ್‌ವಿಚ್‌ನಲ್ಲಿ ಅವನು ಬಲ ವಿಂಗ್‌ಬ್ಯಾಕ್ ಆಗಿ ಶುರು ಮಾಡಿದರೆ ಯಾರೂ ಬೆಚ್ಚಿಬೀಳಬೇಡಿ.

ಕುಡ್ಲ_ಕೌಂಟರ್

ಹೆಗಡೆಯವರು ಚಂದದ ಅರ್ಧ ಹೇಳಿದ್ರು. ಕಷ್ಟದ ಅರ್ಧ ನಾನು ಹೇಳ್ತೇನೆ ಮಾರಾಯ್ರೆ.

ಮೈದಾನದ ಅಗಲ 68 ಮೀಟರ್. ಹಿಂದೆ ಐದು ಜನ ನಿಂತರೆ ಒಬ್ಬೊಬ್ಬರ ಪಾಲಿಗೆ ಸುಮಾರು 13.6 ಮೀಟರ್, ನಾಲ್ವರಾದರೆ 17. ಹಿಂದಿನ ಸಾಲು ಬಿಗಿ, ಸರಿ. ಆದರೆ ಅವರ ಮುಂದೆ ಅದೇ 68 ಮೀಟರ್‌ಗೆ ಇಬ್ಬರೇ! 5-2-3ರಲ್ಲಿ ಮುಂದಿನ ಮೂವರನ್ನು ಒಂದು ಪಾಸ್ ದಾಟಿತು ಅಂದರೆ ಆ ಇಬ್ಬರು ಬೆತ್ತಲೆ. ಎಡದಿಂದ ಬಲಕ್ಕೆ ಉದ್ದ ಪಾಸ್ ಹೋದರೆ ಇಬ್ಬರೂ 20-25 ಮೀಟರ್ ಜಾರಬೇಕು. ಒಬ್ಬ ತಡ ಮಾಡಿದರೂ ಬಾಕ್ಸ್ ಮುಂದೆ ಖಾಲಿ.

ಇದಕ್ಕೆ ಅಮೊರಿಮ್ ಹತ್ತಿರ ಮದ್ದು ಇಲ್ಲ ಅಂತಲ್ಲ, ಎರಡು ಉಂಟು. ಒಂದು, ಎದುರಾಳಿಯ ಮೂರನೇ ಮಿಡ್‌ಫೀಲ್ಡರ್ ಗೆರೆಗಳ ನಡುವೆ ಚೆಂಡು ತಗೊಳ್ಳಲು ಬಂದರೆ, ಹೊರಗಿನ ಸೆಂಟರ್‌ಬ್ಯಾಕ್ ಸಾಲು ಬಿಟ್ಟು ಅವನ ಹಿಂದೆಯೇ ಹಾರಬೇಕು, ಬೇಕಾದರೆ ಮಧ್ಯರೇಖೆವರೆಗೂ. ಅವನು ಬಿಟ್ಟ ಜಾಗವನ್ನು ಆ ಕಡೆಯ ವಿಂಗ್‌ಬ್ಯಾಕ್ ಒಳಗೆ ಬಂದು ಮುಚ್ಚಬೇಕು. ಎರಡು, ಚೆಂಡು ಒಂದು ಬದಿಗೆ ಹೋದಾಗ ದೂರದ 10ನೇ ನಂಬರ್ ಇಳಿದು ಮೂರನೇ ಮಿಡ್‌ಫೀಲ್ಡರ್ ಆಗಬೇಕು. ಎರಡೂ ಓಟದ ಕೆಲಸ. ಕಾಲಲ್ಲಿ ಕಸುವು ಬೇಕು, ಸಮಯ ತಪ್ಪಬಾರದು. ಸೆಂಟರ್‌ಬ್ಯಾಕ್ ಹಾರಿ, ವಿಂಗ್‌ಬ್ಯಾಕ್ ನೋಡ್ತಾ ನಿಂತರೆ ಅವನ ಬೆನ್ನ ಹಿಂದೆ ನೇರ ಹೆದ್ದಾರಿ. ಹೊಸ ತಂಡದಲ್ಲಿ ಮೊದಲ ತಿಂಗಳು ಗೋಲು ತಿನ್ನೋದು ಹೀಗೆಯೇ.

ಇನ್ನೊಂದು ಮರೀಬೇಡಿ. ಸಿಟಿ ಪಂದ್ಯದಲ್ಲಿ ನಾಲ್ಕನೇ ನಿಮಿಷದ ಫೋಡನ್ ಗೋಲು ಬಂದದ್ದು ಮೊರಿಟಾ ಕಾಲಿಂದ ಚೆಂಡು ಕಸಿದದ್ದಕ್ಕೆ. ಇಬ್ಬರ ನಡುಸಾಲಿನಲ್ಲಿ ಒಬ್ಬ ಚೆಂಡು ಕಳಕೊಂಡರೆ ತಡೆಯಲು ಉಳಿಯೋದು ಒಬ್ಬನೇ. ಆಮೇಲೆ ಬಹಳ ಹೊತ್ತು 5-4-1ರಲ್ಲಿ ಇಳಿದು ಕೂತರು, ಚೆಂಡು ಸಿಟಿ ಬಳಿಯೇ ಇತ್ತು. ಹಾಲಂಡ್ ಪೆನಾಲ್ಟಿ ಅಡ್ಡಪಟ್ಟಿಗೆ ಬಡಿಯಿತು. 4-1 ಅಂತ ಕುಣಿಯೋರು ಇದನ್ನೂ ಲೆಕ್ಕಕ್ಕೆ ಹಿಡೀರಿ. 2022ರ ಫೆಬ್ರವರಿಯಲ್ಲಿ ಇದೇ ಅಮೊರಿಮ್, ಇದೇ ಸಿಟಿ, ಇದೇ ಲಿಸ್ಬನ್, ಫಲಿತಾಂಶ 0-5.

ಸ್ಟ್ರೆಟ್‌ಫರ್ಡ್_ಸೀನ

ಹಾಗಾದರೆ ಆ ಇಬ್ಬರು ಯಾರು? ಉಗಾರ್ಟೆ ಒಬ್ಬ ಖಚಿತ ಅಲ್ವಾ, ಅವನು ಅಮೊರಿಮ್ ಕೈಯಲ್ಲೇ ಪಳಗಿದವನು. ಪಕ್ಕದಲ್ಲಿ ಕಸೆಮಿರೊನಾ?

ನೇರನುಡಿ_7

ಕಸೆಮಿರೊ ಬೇಡ. ಒಂದು ಜಾಗ ಹಿಡಿದು ಕಾಯುವ ಕೆಲಸ ಕೊಟ್ಟರೆ ಈಗಲೂ ದೊಡ್ಡ ಆಟಗಾರ. ಆದರೆ ಕುಡ್ಲದವರು ಹೇಳಿದ ಆ 25 ಮೀಟರ್ ಜಾರಾಟವನ್ನು 32ರ ವಯಸ್ಸಿನಲ್ಲಿ ಪಂದ್ಯಕ್ಕೆ ಮೂವತ್ತು ಸಲ ಮಾಡೋದು ಅಸಾಧ್ಯ. ಎರಿಕ್ಸನ್ ಕಥೆಯೂ ಅದೇ. ಪಾಸ್ ಚಿನ್ನ, ಕಾಲು ಇಲ್ಲ.

ಉಗಾರ್ಟೆ 2021ರಿಂದ 2023ರವರೆಗೆ ಸ್ಪೋರ್ಟಿಂಗ್‌ನಲ್ಲಿದ್ದ, ಪದ್ಧತಿ ಬಾಯಿಪಾಠ. ಆದರೆ ಅವನ ಬಲ ಕಸಿಯೋದರಲ್ಲಿ. ಪ್ರೆಸ್ ಮೈಮೇಲೆ ಬಂದಾಗ ತಿರುಗಿ ಮುಂದೆ ಪಾಸ್ ಕೊಡೋದು ಅವನ ಬಲವಲ್ಲ. ಆದ್ದರಿಂದ ಪಕ್ಕದವನು ಚೆಂಡು ಹೊತ್ತು ಮುಂದೆ ಸಾಗೋನೇ ಆಗಬೇಕು. ಗಾಯದಿಂದ ವಾಪಸ್ ಬಂದ ಮೇಲೆ ಕೊಬಿ ಮೈನೂ ಆ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿದ್ದಾನೆ. ಅಲ್ಲಿವರೆಗೆ ಬ್ರೂನೊ ಅವರನ್ನು ಹಿಂದಕ್ಕೆ ಎಳೀತಾರೆ ಅಂತ ನನ್ನ ಅಂದಾಜು, ಎಳೀಬಾರದು ಅಂತ ನನ್ನ ಅಭಿಪ್ರಾಯ. ಬ್ರೂನೊ ಕಷ್ಟದ ಪಾಸ್‌ಗಳನ್ನು ಪ್ರಯತ್ನಿಸ್ತಾರೆ, ಚೆಂಡು ಕಳೆದುಕೊಳ್ತಾರೆ. 10ನೇ ನಂಬರ್‌ನಲ್ಲಿ ಅದು ಒಪ್ಪುವ ನಷ್ಟ. ಗೋಲಿನಿಂದ 30 ಮೀಟರ್ ದೂರದಲ್ಲಿ, ಇಬ್ಬರ ನಡುಸಾಲಿನಲ್ಲಿ ಅದೇ ತಪ್ಪು ಮಾಡಿದರೆ ಫೋಡನ್ ಗೋಲು ಮರುಪ್ರಸಾರ.

ಹಿಂದಿನ ಮೂವರ ವಿಷಯದಲ್ಲಿ ನಾವು ಪರವಾಗಿಲ್ಲ. ಎಡಕ್ಕೆ ಎಡಗಾಲಿನ ಲಿಸಾಂಡ್ರೊ ಮಾರ್ಟಿನೆಸ್, ಸ್ಪೋರ್ಟಿಂಗ್‌ನಲ್ಲಿ ಇನಾಸಿಯೊ ಮಾಡೋ ಕೆಲಸ ಅವನಿಗೆ ಪೂರ್ತಿ ಬರುತ್ತೆ. ಹಾರಿ ಹೋಗಿ ಕಚ್ಚಿ ಹಿಡಿಯೋದು ಅವನಿಗೆ ಇಷ್ಟದ ಕೆಲಸವೂ ಹೌದು. ನಡುವೆ ಡಿ ಲಿಖ್ಟ್ ಇಲ್ಲವೇ ಮಗ್ವಾಯರ್. ಪಕ್ಕದಲ್ಲಿ ಇಬ್ಬರ ಕಾವಲಿದ್ದರೆ ಮಗ್ವಾಯರ್ ವೇಗದ ಕೊರತೆ ಅಷ್ಟಾಗಿ ಕಾಣಲ್ಲ. ಬಲಕ್ಕೆ ಮಜ್ರಾವಿ, ಮೂಳೆ ಮುರಿತ ವಾಸಿಯಾದ ಮೇಲೆ ಯೋರೊ.

ನಿಜವಾದ ರಂಧ್ರ ಇರೋದು ಎಡ ವಿಂಗ್‌ಬ್ಯಾಕ್‌ನಲ್ಲಿ. ಶಾ ಫೆಬ್ರವರಿಯಿಂದ ಯುನೈಟೆಡ್ ಪರ ಆಡಿಲ್ಲ. ಮಲಾಸಿಯಾ ಒಂದೂವರೆ ವರ್ಷದಿಂದ ಹೊರಗೆ. ಉಳಿದವನು ಡಾಲೊ, ಬಲಗಾಲಿನವನು. ಗೆರೆಯಲ್ಲಿ ಚೆಂಡು ಸಿಕ್ಕರೆ ಕ್ರಾಸ್ ಮಾಡೋ ಮುಂಚೆ ಒಳಗೆ ತಿರುಗಿ ಬಲಗಾಲಿಗೆ ತಂದುಕೊಳ್ತಾನೆ. ಆ ಒಂದು ಸೆಕೆಂಡಿನಲ್ಲಿ ಎದುರಾಳಿ ಸಾಲು ಮುಚ್ಚಿಕೊಳ್ಳುತ್ತೆ. ಅದಕ್ಕಿಂತ ಕೆಟ್ಟದ್ದು, ಅವನು ಒಳಗೆ ಬಂದರೆ ಎಡ 10ನೇ ನಂಬರ್‌ನವನ ಜಾಗಕ್ಕೇ ಬರ್ತಾನೆ. ಗರ್ನಾಚೊ, ರ‍್ಯಾಶ್‌ಫರ್ಡ್ ಇಬ್ಬರೂ ಗೆರೆಯಿಂದ ಒಳಗೆ ಓಡಿ ಬೆಳೆದವರು. ಅವರನ್ನು ಹಾಫ್‌ಸ್ಪೇಸ್‌ನಲ್ಲಿ (ಬದಿಗೂ ನಟ್ಟನಡುವಿಗೂ ಮಧ್ಯದ ಪಟ್ಟಿಯಲ್ಲಿ) ಬೆನ್ನು ಕೊಟ್ಟು ನಿಲ್ಲಿಸಿದರೆ ಅರ್ಧ ಆಟ ಹೋಯ್ತು. ಜನವರಿಯಲ್ಲಿ ಒಬ್ಬನನ್ನೇ ಕೊಳ್ಳೋಕೆ ಸಾಧ್ಯ ಅಂದರೆ ಎಡಗಾಲಿನ ವಿಂಗ್‌ಬ್ಯಾಕ್ ಕೊಳ್ಳಲಿ, ಸ್ಟ್ರೈಕರ್ ಆಮೇಲೆ.

ಆಫ್‌ಸೈಡ್_ಆಚಾರ್ಯ

ಯಾರು ಎಲ್ಲಿ ಅನ್ನೋದಕ್ಕಿಂತ ಯಾವಾಗ ಅನ್ನೋದು ನನ್ನ ತಕರಾರು. ಎಲ್ಲರೂ ಚೆಲ್ಸಿ ಕೋಚ್ ಆಗಿದ್ದ ಕೊಂಟೆ ಉದಾಹರಣೆ ಕೊಡ್ತಿದ್ದಾರೆ: 2016ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಹತ್ತಿರ 3-0 ಸೋತ ಮೇಲೆ ಚೆಲ್ಸಿಯನ್ನು 3-4-3ಕ್ಕೆ ತಿರುಗಿಸಿದರು, ಸತತ 13 ಲೀಗ್ ಪಂದ್ಯ ಗೆದ್ದರು, ಕೊನೆಗೆ ಪ್ರಶಸ್ತಿ. ನಿಜ. ಆದರೆ ಆ ಋತುವಿನಲ್ಲಿ ಚೆಲ್ಸಿಗೆ ಯುರೋಪಿನ ಪಂದ್ಯಗಳೇ ಇರಲಿಲ್ಲ. ಶನಿವಾರದಿಂದ ಶನಿವಾರಕ್ಕೆ ಪೂರಾ ವಾರ ಅಭ್ಯಾಸ. ನಡುವೆ ಕಾಂಟೆ, ಅಂದರೆ ಇಬ್ಬರ ಕೆಲಸ ಮಾಡೋ ಒಬ್ಬ. ಎಡಕ್ಕೆ ಅದೇ ಬೇಸಿಗೆಯಲ್ಲಿ ಕೊಂಡ ಅಲೊನ್ಸೊ.

ಅಮೊರಿಮ್‌ಗೆ ಇದರಲ್ಲಿ ಒಂದೂ ಇಲ್ಲ. 11ರಂದು ಬರುವಾಗ ಅರ್ಧ ತಂಡ ದೇಶಕ್ಕಾಡೋಕೆ ಹೋಗಿರುತ್ತೆ. ನವೆಂಬರ್ 24ರಿಂದ ವರ್ಷದ ಕೊನೆಯೊಳಗೆ ಲೀಗ್, ಯುರೋಪಾ, ಲೀಗ್ ಕಪ್ ಸೇರಿ 11 ಪಂದ್ಯ. ಆರ್ಸೆನಲ್, ಸಿಟಿ, ಸ್ಪರ್ಸ್ ಅದರಲ್ಲೇ ಇವೆ. ಪಂದ್ಯದ ಮಾರನೇ ದಿನ ವಿಶ್ರಾಂತಿ, ಮುಂದಿನ ಪಂದ್ಯದ ಹಿಂದಿನ ದಿನ ಹಗುರ ಅಭ್ಯಾಸ, ನಡುವೆ ಒಮ್ಮೊಮ್ಮೆ ಪ್ರಯಾಣ. ಸೆಂಟರ್‌ಬ್ಯಾಕ್ ಯಾವಾಗ ಹಾರಬೇಕು, ವಿಂಗ್‌ಬ್ಯಾಕ್ ಯಾವಾಗ ಮುಚ್ಚಬೇಕು ಅನ್ನೋದನ್ನು ವಿಡಿಯೊ ತೋರಿಸಿ ಕಲಿಸೋಕೆ ಆಗಲ್ಲ. ಹನ್ನೊಂದು ಜನರ ಎದುರು ಹನ್ನೊಂದು ಜನ ನಿಂತು ಕಲೀಬೇಕು.

ವ್ಯಾನ್ ಗಾಲ್ 2014ರಲ್ಲಿ ನಮ್ಮ ಕೋಚ್ ಆಗಿ ಬಂದ ತಕ್ಷಣ ಮೂವರ ಸಾಲು ಹೇರಿದಾಗ ಏನಾಯ್ತು? ಆಗಸ್ಟ್‌ನಲ್ಲಿ ಕೆಳ ದರ್ಜೆಯ ಎಂಕೆ ಡಾನ್ಸ್ ಎದುರು 0-4. ಆಮೇಲೆ ನಾಲ್ವರ ಸಾಲಿಗೆ ಮರಳಿದರು. ಹಾಗಾಗಿ ಜನವರಿವರೆಗೆ 4-2-3-1 ಇಟ್ಟುಕೊಂಡು, ಚೆಂಡು ನಮ್ಮದಾದಾಗ ಮಾತ್ರ ಮಜ್ರಾವಿಯನ್ನು ಒಳಗೆಳೆದು 3-2-5 ಮಾಡಿದರೆ ಪಾಠವೂ ಶುರುವಾಗುತ್ತೆ, ಅಂಕಗಳೂ ಉಳೀತವೆ.

ಹಾಫ್‌ಸ್ಪೇಸ್_ಹೆಗಡೆ

ಆಚಾರ್ಯರೇ, ಕ್ಯಾಲೆಂಡರ್ ಬಗ್ಗೆ ಹೇಳಿದ್ದು ಪೂರ್ತಿ ಒಪ್ಪಿದೆ. ಪರಿಹಾರ ಒಪ್ಪಲ್ಲ. ಕಷ್ಟ ಇರೋದು ಚೆಂಡು ಇಲ್ಲದಾಗಿನ ಹಾರಾಟದಲ್ಲಿ ಅಂತ ನೀವೇ ಹೇಳ್ತೀರಿ, ನಿಮ್ಮ ಮಿಶ್ರಣದಲ್ಲಿ ಅದನ್ನೇ ಕಲಿಸದೆ ಮುಂದಕ್ಕೆ ಹಾಕ್ತೀರಿ. ಜನವರಿಯಲ್ಲೂ ಪಂದ್ಯಗಳು ಹೀಗೇ ಸಾಲುಗಟ್ಟಿರ್ತವೆ, ಆಗ ಸಮಯ ಎಲ್ಲಿಂದ ಬರುತ್ತೆ? 13ನೇ ಸ್ಥಾನದಲ್ಲಿರೋ ತಂಡಕ್ಕೆ ಕಳೆದುಕೊಳ್ಳೋಕೆ ಇದಕ್ಕಿಂತ ಅಗ್ಗದ ಋತು ಸಿಗಲ್ಲ.

ಅಮೊರಿಮ್ ಬ್ರಾಗಾದಿಂದ ಸ್ಪೋರ್ಟಿಂಗ್‌ಗೆ ಹೋಗಿದ್ದೂ ಋತುವಿನ ನಡುವೆ, 2020ರ ಮಾರ್ಚ್‌ನಲ್ಲಿ. ಮೂವರ ಸಾಲು ಬಿಡಲಿಲ್ಲ. ಮುಂದಿನ ಋತುವಿನಲ್ಲಿ ಲೀಗ್ ಗೆದ್ದರು, 19 ವರ್ಷಗಳ ನಂತರ. 34 ಪಂದ್ಯಗಳಲ್ಲಿ ತಿಂದಿದ್ದು 20 ಗೋಲು. ಆ ವರ್ಷ ಗ್ಯೋಕೆರೆಶ್ ಇರಲಿಲ್ಲ. 23 ಗೋಲು ಹೊಡೆದು ಲೀಗ್‌ಗೇ ಮೊದಲಿಗನಾದವನು ಪೊಟೆ, ಅಂದರೆ ಒಬ್ಬ 10ನೇ ನಂಬರ್. ನಮ್ಮ ಸ್ಟ್ರೈಕರ್ ಹೊಯ್ಲುಂಡ್ ಇನ್ನೊಬ್ಬ ಗ್ಯೋಕೆರೆಶ್ ಆಗದಿದ್ದರೆ ಎಲ್ಲ ಮುಗೀತು ಅನ್ನೋರಿಗೆ ಇದು ಉತ್ತರ.

ಕುಡ್ಲ_ಕೌಂಟರ್

ಆ ಮಾರ್ಚ್‌ನಲ್ಲಿ ಕೋವಿಡ್‌ಗೆ ಲೀಗ್ ನಿಂತು ಜೂನ್‌ವರೆಗೆ ಬಿಡುವು ಸಿಕ್ಕಿತ್ತಲ್ಲ ಹೆಗಡೆಯವರೇ, ಅದನ್ನು ಯಾಕೆ ನುಂಗಿದ್ರಿ? 😄

ಆದರೂ ನಾನು ನಿಮ್ಮ ಕಡೆಯೇ. ಈಗಲೇ ಶುರು ಮಾಡಲಿ, ಆದರೆ ದೊಡ್ಡ ತಂಡಗಳ ಎದುರು ಮೇಲೆ ಹೋಗಿ ಪ್ರೆಸ್ ಮಾಡೋದು ಬೇಡ, 5-4-1ರಲ್ಲಿ ಕೂರಲಿ. 5-4-1ರಲ್ಲಿ 10ನೇ ನಂಬರ್‌ನವರು ಇಳಿದು ಬದಿ ಕಾಯ್ತಾರೆ, ನಡುವಿನ ಇಬ್ಬರ ಅಗಲ ಅರ್ಧಕ್ಕಿಳಿಯುತ್ತೆ. ಅದು ಕಲಿಯಲು ಸುಲಭ, ಗರ್ನಾಚೊ ಓಟಕ್ಕೆ ಮುಂದೆ ಜಾಗವೂ ಸಿಗ್ತದೆ. ಕಷ್ಟ ಬರೋದು ಇಪ್ಸ್‌ವಿಚ್, ಎವರ್ಟನ್, ಫಾರೆಸ್ಟ್ ಥರದವರ ಎದುರು. ಅವರು ಹಿಂದೆ ಕೂತು ನಮಗೆ ಚೆಂಡು ಕೊಡ್ತಾರೆ. ಆಗ ಬಲೆ ಹಾಕಿ ನಿಂತ ಸೆಂಟರ್‌ಬ್ಯಾಕ್ ಹತ್ತಿರ ಯಾರೂ ಬರೋದೇ ಇಲ್ಲ.

ಸ್ಟ್ರೆಟ್‌ಫರ್ಡ್_ಸೀನ

ಅದಕ್ಕೆ ಸ್ಪೋರ್ಟಿಂಗ್ ಏನು ಮಾಡ್ತಿತ್ತು? ಪೋರ್ಚುಗಲ್‌ನಲ್ಲಿ ಅರ್ಧ ಲೀಗ್ ಅವರೆದುರು ಹಿಂದೆಯೇ ಕೂರುತ್ತಲ್ಲ, ಈ ಸಲ 10ಕ್ಕೆ 10 ಗೆದ್ದಿದ್ದಾರೆ.

ಹಾಫ್‌ಸ್ಪೇಸ್_ಹೆಗಡೆ

ಹೊರಗಿನ ಸೆಂಟರ್‌ಬ್ಯಾಕ್‌ಗಳೇ ಚೆಂಡು ಹೊತ್ತು ಮುಂದೆ ನಡೀತಾರೆ. ಎದುರಾಳಿ ಮಿಡ್‌ಫೀಲ್ಡರ್ ಒಬ್ಬ ತಡೆಯೋಕೆ ಬರಲೇಬೇಕು, ಬಂದ ತಕ್ಷಣ ಅವನ ಹಿಂದಿನ 10ನೇ ನಂಬರ್ ಖಾಲಿ. ಬರದಿದ್ದರೆ ಬಾಕ್ಸ್ ಹತ್ತಿರದವರೆಗೂ ನಡೆದು, ಆಚೆ ಬದಿಯ ವಿಂಗ್‌ಬ್ಯಾಕ್‌ಗೆ ಕರ್ಣಪಾಸ್. ಇಪ್ಸ್‌ವಿಚ್ ಪಂದ್ಯದಲ್ಲಿ ಮೊದಲ 20 ನಿಮಿಷ ಚೆಂಡನ್ನು ಬಿಟ್ಟು ನಮ್ಮ ಎಡ, ಬಲ ಸೆಂಟರ್‌ಬ್ಯಾಕ್‌ಗಳನ್ನೇ ನೋಡಿ. ಮಧ್ಯರೇಖೆ ದಾಟಿ ಹತ್ತು ಮೀಟರ್ ನಡೆದರೆ ಪಾಠ ಶುರುವಾಗಿದೆ ಅಂತ ಅರ್ಥ. ಅಲ್ಲೇ ನಿಂತು ಪರಸ್ಪರ ಚೆಂಡು ದಾಟಿಸ್ತಾ ಇದ್ದರೆ 65ನೇ ನಿಮಿಷಕ್ಕೆ ಜಿರ್ಕ್‌ಝೀ ಬರ್ತಾನೆ, ಹೊಯ್ಲುಂಡ್ ಕೆಳಗಿಳಿತಾನೆ, ಸ್ಕೋರ್ 1-1.